ಫ್ಯೂಸ್ ಕಿತ್ತು ಡೇಟಾಬೇಸ್ ಹುಡುಕಿದ್ದು

ನಮ್ಮ ಹೋಸ್ಟಿಂಗ್ ಅಕೌಂಟಲ್ಲಿ ಹತ್ತು ಡೇಟಾಬೇಸ್‌ಗೆ ಮಾತ್ರ ಜಾಗ, ಒಂದು ವೆಬ್‌ಸೈಟಿಗೆ ಒಂದರಂತೆ. ಹತ್ತೂ ತುಂಬಿದ್ದವು. ಹೇರೋಹಳ್ಳಿಯ ಡ್ರೈವಿಂಗ್ ಸ್ಕೂಲಿನವರು ವೆಬ್‌ಸೈಟ್ ಬೇಕು ಅಂತ ಬಂದು ಕೂತಾಗ ಇನ್ನೊಂದಕ್ಕೆ ಜಾಗ ಎಲ್ಲಿಂದ ತರೋದು? ದೊಡ್ಡ ಪ್ಲ್ಯಾನ್ ತಗೊಳ್ಳೋ ಯೋಗ್ಯತೆ ನಮಗಿರಲಿಲ್ಲ. ಬಸವೇಶ್ವರನಗರದ ಒಂದು ಮನೆಯ ಮಹಡಿ ಮೇಲಿನ ರೂಮು, ಎರಡು ಕಂಪ್ಯೂಟರು, ನಾನು, ನನ್ನ ಪಾರ್ಟ್ನರ್, ಅಷ್ಟೇ ನಮ್ಮ ಕಂಪನಿ. ಯಾರೂ ಬಳಸದ ಒಂದನ್ನ ಹುಡುಕಿ ಕಿತ್ತುಹಾಕೋದು ಅಂತ ತೀರ್ಮಾನ ಮಾಡಿದ್ವಿ.

ಹುಡುಕೋದು ಹೇಗೆ ಅನ್ನೋದೇ ಕಷ್ಟ. ನನ್ನ ಪಾರ್ಟ್ನರ್ ಮಹಾಶಯ ಎಲ್ಲದಕ್ಕೂ ಟೆಸ್ಟ್ ಒಂದು, ಟೆಸ್ಟ್ ಎರಡು ಅಂತ ಹೆಸರಿಟ್ಟಿದ್ದ. 'ಯಾವ ಸೈಟ್ ಯಾವುದರ ಮೇಲೆ ಓಡ್ತಿದೆಯೋ?' ಅಂದ್ರೆ, 'ಅವತ್ತು ಗೊತ್ತಿತ್ತು ಮಗಾ' ಅಂದ. ಅವನು ಬರೆದ ಕೋಡ್ ಅವನಿಗೇ ಅರ್ಥ ಆಗ್ತಿರಲಿಲ್ಲ, ಇನ್ನು ನನಗೇನು ಆಗುತ್ತೆ, ಮಣ್ಣು!

ಟೆಸ್ಟ್ ನಾಲ್ಕನ್ನ ತೆಗೆದು ನೋಡಿದ್ವಿ. ಒಳಗೆಲ್ಲ ವಕ್ರವಕ್ರ ಗುರುತು, ಚುಕ್ಕಿ, ಪ್ರಶ್ನಾರ್ಥಕ ಚಿಹ್ನೆ. 'ಇದು ಪಕ್ಕಾ ಕಸ ಗುರು' ಅಂದ. ಕಸ ಅಲ್ಲ ಅದು, ಕೆಳಗಿನ ಮನೆಯ ಓನರ್ ಆಂಟಿಯ ಹಾಡುಗಳು ಅಂತ ನಮಗೆ ಗೊತ್ತಾದದ್ದು ಆಮೇಲೆ. ಅವರ ತಾಯಿ ಮದುವೆಗಳಲ್ಲಿ ಹೇಳ್ತಿದ್ದ ಹಸೆಗೆ ಕರೆಯೋ ಹಾಡು, ಆರತಿ ಹಾಡು, ಬೀಗರನ್ನ ಆಡಿಕೊಳ್ಳೋ ಹಾಡು, ಎಲ್ಲವನ್ನೂ ನೆನಪು ಮಾಡ್ಕೊಂಡು ಮಧ್ಯಾಹ್ನದ ಹೊತ್ತು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡ್ತಿದ್ರು. ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಆಗಿನ ಕನ್ನಡ ಫಾಂಟುಗಳ ಕರ್ಮ, ಪೇಜಲ್ಲಿ ಮುತ್ತಿನಂಥ ಅಕ್ಷರ, ಡೇಟಾಬೇಸಲ್ಲಿ ಈ ಅವತಾರ. ಆ ಸೈಟನ್ನ ನಾವೇ ಒಂದು ಭಾನುವಾರ ಬಿಟ್ಟಿ ಮಾಡಿಕೊಟ್ಟು ಮರೆತೂಬಿಟ್ಟಿದ್ವಿ.

ಉಪಾಯ ಹೊಳೆದದ್ದು ನನಗೆ. ಕಾಮಾಕ್ಷಿಪಾಳ್ಯದ ವಠಾರದಲ್ಲಿ ಬೆಳೆದವನು ನಾನು. ಅಲ್ಲಿನ ಮೀಟರ್ ಬೋರ್ಡಲ್ಲಿ ಯಾವ ಫ್ಯೂಸ್ ಯಾರ ಮನೇದು ಅಂತ ದೇವರಿಗೂ ಗೊತ್ತಿರಲಿಲ್ಲ. ಒಂದನ್ನ ಕೀಳೋದು, ಯಾರ ಮನೆಯಿಂದ 'ಅಯ್ಯೋ, ಕರೆಂಟ್ ಹೋಯ್ತು!' ಅಂತ ಕೂಗು ಬರುತ್ತೋ ಅದು ಅವರದು. ಇಲ್ಲೂ ಅದನ್ನೇ ಮಾಡೋಣ ಅಂದೆ. ಎಲ್ಲದರ ಪಾಸ್‌ವರ್ಡ್ ಬದಲಾಯಿಸೋದು, ಸೈಟುಗಳು ನಿಂತುಹೋಗ್ತವೆ, ಕೂಗಿದವರದನ್ನ ಸರಿಮಾಡೋದು, ಕೂಗದೇ ಇದ್ದದ್ದು ಔಟ್!

ಅಬ್ಬಬ್ಬಾ, ಏನು ಕೂಗಾಟ! ಬಿನ್ನಿಪೇಟೆಯ ಬಟ್ಟೆ ಅಂಗಡಿಯವರು ನಮ್ಮ ಕಾಫಿ ಆರೋದರೊಳಗೆ ಫೋನ್ ಮಾಡಿ ಜನ್ಮ ಜಾಲಾಡಿದ್ರು. ರಾಜಾಜಿನಗರದ ಟ್ಯೂಷನ್ ಮೇಷ್ಟ್ರು ಸ್ಕೂಟರ್ ಹತ್ತಿ ಬಂದೇಬಿಟ್ರು. ಬೈಸಿಕೊಂಡು ಒಂದೊಂದಾಗಿ ಸರಿಮಾಡಿದ್ವಿ. ಕೊನೆಗೆ ಸದ್ದಿಲ್ಲದೆ ಉಳಿದದ್ದು ಟೆಸ್ಟ್ ಒಂದು ಮತ್ತು ಟೆಸ್ಟ್ ನಾಲ್ಕು. ಒಂದು ವಾರ ನೋಡೋಣ ಅಂತ ಬಿಟ್ವಿ.

ಆ ವಾರ ನಮ್ಮ ಅದೃಷ್ಟ ಖುಲಾಯಿಸಿತ್ತು. ಓನರ್ ಆಂಟಿ ದಿನಾ ಮೆಟ್ಟಿಲು ಹತ್ತಿ ಬಂದು ಡಬ್ಬಿ ಇಟ್ಟು ಹೋಗೋರು. ಒಂದಿನ ಅಕ್ಕಿ ರೊಟ್ಟಿ, ಒಂದಿನ ಅವರೆಕಾಳು ಉಪ್ಪಿಟ್ಟು, ಮತ್ತೊಂದಿನ ಬಿಸಿಬೇಳೆ ಬಾತು. ಯಾಕೆ, ಏನು ಅಂತ ಕೇಳೋ ಮರ್ಯಾದೆ ಕೂಡ ಇಲ್ಲದೆ ಬಾರಿಸಿದ್ವಿ.

ವಾರ ಕಳೀತು. ಪಾರ್ಟ್ನರ್ ಟೆಸ್ಟ್ ನಾಲ್ಕರ ಮುಂದೆ ಡಿಲೀಟ್ ಒತ್ತಿದ. ನಿಜವಾಗ್ಲೂ ತೆಗೀಬೇಕಾ ಅಂತ ಪರದೆ ಕೇಳ್ತು. ಅಷ್ಟರಲ್ಲಿ ಆಂಟಿ ಡಬ್ಬಿ ಹಿಡ್ಕೊಂಡು ಬಂದ್ರು. ಅವತ್ತು ಇಟ್ಟು ಹೋಗದೆ ಬಾಗಿಲಲ್ಲೇ ನಿಂತ್ರು.

'ಏನ್ರಪ್ಪಾ, ಕಂಪನಿ ಮುಚ್ಚಿಬಿಟ್ರಾ? ನನ್ನ ಹಾಡಿನ ಪೇಜು ಬರ್ತಿಲ್ಲ. ನಿಮ್ಮ ಕಂಪನೀದೂ ಬರ್ತಿಲ್ಲ. ಪಾಪ, ಹುಡುಗ್ರು ಏನು ಕಷ್ಟದಲ್ಲಿದಾರೋ, ಈಗ ಹೋಗಿ ನನ್ನ ಹಾಡು ಎಲ್ಲಿ ಅಂತ ಪೀಡಿಸಬಾರದು, ಮೊದ್ಲು ಹೊಟ್ಟೆಗೇನಾದ್ರೂ ಕೊಡೋಣ ಅಂತ ಸುಮ್ನಿದ್ದೆ.'

ಪಾರ್ಟ್ನರ್ ಕಾದ ಹೆಂಚು ಮುಟ್ಟಿದವನ ಹಾಗೆ ಮೌಸ್ ಬಿಟ್ಟ. ಟೆಸ್ಟ್ ಒಂದು ನಮ್ಮ ಕಂಪನಿಯ ಸೈಟೇ ಆಗಿತ್ತು! ವಾರವಿಡೀ ಅದು ಸತ್ತು ಮಲಗಿದ್ರೂ ನಮಗೇ ಗೊತ್ತಾಗಿರಲಿಲ್ಲ. ಅದನ್ನ ತೆಗೆದು ನೋಡ್ತಿದ್ದ ಒಂದೇ ಜೀವ ಈ ಆಂಟಿ.

ನಡೆದದ್ದೆಲ್ಲ ಹೇಳಿದ್ವಿ. ಒಂದನ್ನಾದ್ರೂ ತೆಗೀಲೇಬೇಕು ಅಂತಾನೂ ಹೇಳಿದ್ವಿ. 'ಹಾಗಾದ್ರೆ ನಂದೇ ತೆಗೀರಿ' ಅಂದ್ರು ಆಂಟಿ. 'ನಿಮ್ಮದು ಹೊಟ್ಟೆಪಾಡು. ನನಗೆ ಹಾಡು ಬಾಯಲ್ಲಿದೆ.' ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ತಾ, 'ಅರ್ಧಂಬರ್ಧ ಮರೆತಿದೀನಿ, ಪರವಾಗಿಲ್ಲ ಬಿಡಿ' ಅಂತ ಮೆಲ್ಲಗೆ ಸೇರಿಸಿದ್ರು. ನನಗೆ ಕೋಪ ಬಂತು, ಅವರ ಮೇಲಲ್ಲ, ನಮ್ಮ ಮೇಲೆ. 'ಸುಮ್ನಿರಿ ಆಂಟಿ!' ಅಂತ ಗದರಿ, ಅವರ ಎದುರಿಗೇ ಟೆಸ್ಟ್ ಒಂದನ್ನ ಕಿತ್ತುಹಾಕಿದೆ. ಡ್ರೈವಿಂಗ್ ಸ್ಕೂಲಿಗೆ ಜಾಗ ಆಯ್ತು, ಆಂಟಿಯ ಹಾಡಿನ ಪೇಜನ್ನೂ ಸರಿಮಾಡಿದ್ವಿ.

'ಅಯ್ಯೋ ಪೆದ್ದು ಮುಂಡೇವಾ! ನಾಳೆ ಜನ ನಿಮ್ಮನ್ನ ಹುಡುಕೋದು ಹೆಂಗೆ? ನನ್ನ ಪೇಜಿನ ಕೆಳಗೇ ನಿಮ್ಮ ಫೋನ್ ನಂಬರ್ ಹಾಕ್ಕೊಳ್ಳಿ' ಅಂದ್ರು. ಹಾಕ್ಕೊಂಡ್ವಿ.

ಫೋನ್ ಬಂದವಪ್ಪಾ ಬಂದವು! 'ಹಸೆ ಹಾಡು ಹೇಳೋರು ನೀವೇನಾ ಸಾರ್? ಮದುವೆಗೆ ಬರ್ತೀರಾ?' ವೆಬ್‌ಸೈಟ್ ಬೇಕು ಅಂತ ಒಬ್ಬರೂ ಕೇಳಲಿಲ್ಲ. ನನ್ನ ಪಾರ್ಟ್ನರ್ ಫೋನ್ ಹಿಡ್ಕೊಂಡು ಕೆಳಗೆ ಓಡೋದು, ಆಂಟಿ ಕೈ ಒರೆಸಿಕೊಂಡು ಮಾತಾಡೋದು. ಆ ಸಲದ ಮದುವೆ ಸೀಸನ್ ಪೂರ್ತಿ ಅವರು ಮನೇಲಿ ಸಿಕ್ಕಿದ್ದೇ ಅಪರೂಪ, ನಾವು ಮತ್ತೆ ಹೋಟೆಲ್ ಊಟಕ್ಕೆ ಬಿದ್ವಿ. ಆಂಟಿ ಮರೆತಿದ್ದ ಸಾಲುಗಳು ಆ ಮದುವೆ ಮನೆಗಳಲ್ಲಿ ಯಾರ್ಯಾರೋ ಅಜ್ಜಿಯರ ಬಾಯಲ್ಲಿ ಸಿಕ್ಕವಂತೆ. ಮಂಟಪದಿಂದಲೇ ನಮಗೆ ಫೋನ್ ಮಾಡಿ, 'ಮರೆಯೋಕೆ ಮುಂಚೆ ಬರ್ಕೊಳ್ರಪ್ಪಾ' ಅಂತ ಹಾಡೋಕೆ ಶುರುಮಾಡ್ತಿದ್ರು.