ಸೀಲಕ್ಕನ ಕೌಂಟರಿಗೆ ಬಾರದ ಅಕ್ಕ

ಬೆಳಕು ಆಗಷ್ಟೇ ಹರಿಯುತ್ತಿದೆ. ಮೂರಂತಸ್ತಿನ ಗೃಹೋಪಯೋಗಿ ವಸ್ತುಗಳ ಮಳಿಗೆಯ ಷಟರ್ ಅರ್ಧ ಮಾತ್ರ ಮೇಲೇರಿದೆ, ಒರೆಸಿದ ನೆಲ ಇನ್ನೂ ಆರಿಲ್ಲ. ಮೆಟ್ಟಿಲ ಕೆಳಗಿನ ಸಂದಿಯಂಥ ಕೌಂಟರಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಆಗಲೇ ಕೆಲಸಕ್ಕೆ ಕೂತಿದ್ದಾರೆ. ಎಡಗೈಯಲ್ಲಿ ಗಿಫ್ಟ್ ವೋಚರಿನ ಕಟ್ಟು, ಬಲಗೈಯಲ್ಲಿ ರಬ್ಬರ್ ಸೀಲು. ಕಾರ್ಖಾನೆಯೊಂದು ತನ್ನ ಕೆಲಸಗಾರರಿಗೆ ವರ್ಷದ ಕೊನೆಗೆ ಹಂಚಲು ತರಿಸಿಕೊಳ್ಳುತ್ತಿರುವ ವೋಚರುಗಳಿವು. ಗಿರಾಕಿಗಳು ಬರುವಷ್ಟರಲ್ಲಿ ಎಲ್ಲಕ್ಕೂ ತಾರೀಕು ಒತ್ತಿ ಲಕೋಟೆಗೆ ಸೇರಿಸಬೇಕು.

"ಇವಕ್ಕೆ ಒಂದೇ ವರ್ಷ ಆಯಸ್ಸು," ಎನ್ನುತ್ತಾರೆ ಕೈ ನಿಲ್ಲಿಸದೆ. "ನಾನು ಸೀಲು ಹೊಡೆದ್ರೆ ಹುಟ್ಟು. ಸಾಮಾನು ತಗೊಳ್ಳೋಕೆ ವಾಪಸ್ ತಂದಾಗ ಮತ್ತೆ ಸೀಲು ಹೊಡೆದ್ರೆ ಮುಗೀತು. ಎರಡೂ ನನ್ನ ಕೈಲೇ."

ಅದಕ್ಕೇ ಅಂಗಡಿಯವರು ಇವರನ್ನು ಸೀಲಕ್ಕ ಎಂದು ಕರೆಯುತ್ತಾರೆ. ಮಾಲೀಕರಿಂದ ಹಿಡಿದು ಲಾರಿಯಿಂದ ಪೆಟ್ಟಿಗೆ ಇಳಿಸುವವರವರೆಗೆ ಎಲ್ಲರಿಗೂ ಅಕ್ಕ.

ಗಂಡ ತೀರಿಕೊಂಡಾಗ ಕೈಯಲ್ಲಿ ಕಸುಬಿರಲಿಲ್ಲ. ಇದೇ ಮಳಿಗೆಯ ಗೋದಾಮಿನಲ್ಲಿ ಗಾಜಿನ ಲೋಟಗಳಿಗೆ ಕಾಗದ ಸುತ್ತುವ ಕೆಲಸಕ್ಕೆ ಸೇರಿದರು. ಪೆಟ್ಟಿಗೆಯ ಮೇಲೆ ಇವರು ಬರೆಯುತ್ತಿದ್ದ ಅಕ್ಷರ ಮಾಲೀಕರ ಕಣ್ಣಿಗೆ ಬಿತ್ತು. ವೋಚರಿನ ಮೇಲೆ 'ಇವರಿಗೆ', 'ಇವರಿಂದ' ಎಂಬ ಎರಡು ಖಾಲಿ ಗೆರೆಗಳಿರುತ್ತವೆ. ಅವನ್ನು ಮುದ್ದಾಗಿ ತುಂಬಿಸಲು ಒಬ್ಬರು ಬೇಕಿತ್ತು. ಅಂದಿನಿಂದ ಈ ಸಂದಿಯೇ ಸಾಮ್ರಾಜ್ಯ.

ಕೂತಲ್ಲಿಂದಲೇ ಲೋಕ ಕಾಣುತ್ತದೆ. ನಿವೃತ್ತರಾಗುವ ಮೇಷ್ಟರಿಗೆ ಕೊಡಲು ಹತ್ತು ಜನ ಸೇರಿ ಚಂದಾ ಎತ್ತಿ ಬರುತ್ತಾರೆ. ಹೊಸದಾಗಿ ಮದುವೆಯಾದವರು ಉಡುಗೊರೆಯ ವೋಚರುಗಳನ್ನೆಲ್ಲ ಇಸ್ಪೀಟೆಲೆಯಂತೆ ಹರವಿ, ಮಿಕ್ಸಿಯೋ ಮಂಚವೋ ಎಂದು ಇಲ್ಲೇ ಮೊದಲ ಜಗಳ ಆಡುತ್ತಾರೆ. ಮೊನ್ನೆ ಒಬ್ಬರು ಬಂದು, "ಹೆಂಡತಿಗೆ ಏನಿಷ್ಟ ಅಂತ ಇಪ್ಪತ್ತು ವರ್ಷದಿಂದ ಗೊತ್ತಾಗಿಲ್ಲ ಮೇಡಂ, ಒಂದು ವೋಚರ್ ಕೊಟ್ಟುಬಿಡಿ," ಅಂದರಂತೆ.

ಅಂಗಡಿಗೂ ಇದು ಒಳ್ಳೆಯ ಆಟ. ವೋಚರು ಹಿಡಿದು ಬಂದವರು ಅದರ ಬೆಲೆಗೇ ನಿಲ್ಲುವುದಿಲ್ಲ, ಮೇಲೆ ಒಂದಿಷ್ಟು ಕೈಯಿಂದ ಹಾಕಿಯೇ ಹೋಗುತ್ತಾರೆ. ಕಪಾಟಿನಲ್ಲಿಟ್ಟು ಮರೆತವರ ವೋಚರು ವರ್ಷ ಕಳೆದರೆ ಬರೀ ಕಾಗದ. ಬಾರದ ವೋಚರೇ ಬಂಗಾರ ಎಂದು ಮ್ಯಾನೇಜರು ತಮಾಷೆ ಮಾಡುತ್ತಾರೆ. ಸೀಲಕ್ಕನಿಗೆ ಮಾತ್ರ ನಗು ಬರುವುದಿಲ್ಲ. ಬಾರದೇ ಉಳಿದಿದ್ದ ವೋಚರೊಂದಕ್ಕಾಗಿ ಅವರೇ ವರ್ಷಪೂರ್ತಿ ಕಾದಿದ್ದಾರೆ.

ಊರಿಗೆಲ್ಲ ಅಕ್ಕನಾದ ಇವರು ಮನೆಯಲ್ಲಿ ತಂಗಿ. ಇವರಿಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ನಗರದ ಆ ತುದಿಯಲ್ಲಿದ್ದಾಳೆ. ಅಮ್ಮ ಬೇಗ ಹೋದದ್ದರಿಂದ ಜಡೆ ಹಾಕಿದವಳೂ ಅವಳೇ, ಬೆನ್ನಿಗೆ ಗುದ್ದಿ ಬುದ್ಧಿ ಕಲಿಸಿದವಳೂ ಅವಳೇ. ಎರಡು ವರ್ಷದ ಹಿಂದೆ ಅಕ್ಕನ ಮಗನ ಮದುವೆ ಬಂದದ್ದು ವರ್ಷದ ಕೊನೆಯ ವಾರದಲ್ಲಿ, ವೋಚರಿನ ಸುಗ್ಗಿಯಲ್ಲಿ. ರಜೆ ಸಿಗಲಿಲ್ಲ. ಸಂಜೆ ಅಂಗಡಿಯಿಂದ ಓಡೋಡಿ ಹೋಗುವಷ್ಟರಲ್ಲಿ ಮದುಮಕ್ಕಳು ಹೊರಟುಹೋಗಿದ್ದರು, ಛತ್ರದವರು ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತಿದ್ದರು.

"ಅಕ್ಕ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಸೀಲಕ್ಕ. "'ನಿನಗೆ ಆ ಅಂಗಡೀನೇ ಅಕ್ಕ, ಅಲ್ಲೇ ಇರು' ಅಂದ್ಲು. ಅಷ್ಟೇ. ಆಮೇಲೆ ಫೋನ್ ಎತ್ತಲಿಲ್ಲ. ಎರಡು ಸಲ ಮನೆಗೆ ಹೋದೆ. ಒಳಗಿದ್ದೂ ಬಾಗಿಲು ತೆಗೀಲಿಲ್ಲ."

ಕಳೆದ ವರ್ಷ ಒಂದು ಉಪಾಯ ಹೊಳೆಯಿತು. ತಮ್ಮ ಸಂಬಳದಲ್ಲೇ ವೋಚರು ಕೊಂಡು, 'ಅಕ್ಕನಿಗೆ' ಎಂದಷ್ಟೇ ಬರೆದು ಅಂಚೆಗೆ ಹಾಕಿದರು. "ಅದನ್ನ ಖರ್ಚು ಮಾಡ್ಬೇಕು ಅಂದ್ರೆ ಸೀಲಿಗೆ ನನ್ನ ಹತ್ರಾನೇ ಬರಬೇಕಲ್ವಾ? ಒಂದು ಸಾಮಾನು ಸುಮ್ನೆ ಬಿಡೋ ಜೀವ ಅಲ್ಲ ನಮ್ಮಕ್ಕ."

ತಿಂಗಳು ಉರುಳಿದವು. ಬಾಗಿಲಲ್ಲಿ ಅಕ್ಕನದರಂಥ ದಪ್ಪ ಕನ್ನಡಕ ಕಂಡರೆ ಕತ್ತು ತಾನಾಗಿ ಆ ಕಡೆ ತಿರುಗುತ್ತಿತ್ತು. ಅಕ್ಕ ಬರಲಿಲ್ಲ. ವೋಚರಿನ ಆಯಸ್ಸು ತೀರಲು ಇನ್ನೇನು ಮೂರ್ನಾಲ್ಕು ದಿನ ಇದೆ ಎನ್ನುವಾಗ ಒಬ್ಬಳು ಹುಡುಗಿ ಸಾಲಿನಲ್ಲಿ ಬಂದು, ಮಡಚಿದ ಕಾಗದವನ್ನು ಮುಂದಿಟ್ಟಳು. ಅದರ ಮೇಲೆ ತಮ್ಮದೇ ಅಕ್ಷರ. ಎತ್ತಿದ ಸೀಲು ಎತ್ತಿದಲ್ಲೇ ನಿಂತಿತು.

"ಇದು ನಿನಗೆ ಎಲ್ಲಿ ಸಿಕ್ತಮ್ಮ?"

ಹುಡುಗಿ ಇವರ ಮುಖ, ಕೈ, ನರೆತ ಕೂದಲು ಎಲ್ಲವನ್ನೂ ಪಾಠ ಒಪ್ಪಿಸಬೇಕಾದವಳ ಹಾಗೆ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಬಾಯಿಬಿಟ್ಟಳು.

"ಚಿಕ್ಕಮ್ಮ, ನಾನು ನಿಮ್ಮಕ್ಕನ ಸೊಸೆ. ಮಾತಾಡಬೇಡ ಅಂದಿದ್ರು ಅತ್ತೆ. 'ಸಾಮಾನು ಏನಾದ್ರೂ ತಗೋ, ನನಗೆ ಬೇಡ. ಸೀಲು ಹೊಡೆಯೋಳು ಹೇಗಿದಾಳೆ ಅಂತ ಮಾತ್ರ ಸರಿಯಾಗಿ ನೋಡ್ಕೊಂಡು ಬಾ' ಅಂತ ಕಳಿಸಿದ್ರು."

ಸೀಲಕ್ಕ ಸೊಸೆಯ ಕೈ ಹಿಡಿದುಕೊಂಡರು. ತಾವು ತಪ್ಪಿಸಿಕೊಂಡ ಮದುವೆಯ ಮದುಮಗಳನ್ನು ಅವರು ನೋಡಿದ್ದು ಅದೇ ಮೊದಲು. ಸಾಲಿನಲ್ಲಿದ್ದವರು ಗೊಣಗತೊಡಗಿದಾಗ ಕಣ್ಣೊರೆಸಿಕೊಂಡು ವೋಚರಿಗೆ ಸೀಲು ಒತ್ತಿದರು.

"ಮನೇಲಿ ಏನಂತ ಹೇಳ್ಲಿ ಚಿಕ್ಕಮ್ಮ? ಚೆನ್ನಾಗಿದಾರೆ ಅಂತ ತಾನೇ?"

"ಹಾಗಂದೀಯ ಮತ್ತೆ! ಚೆನ್ನಾಗಿದಾಳೆ ಅಂದ್ರೆ ನಿಮ್ಮತ್ತೆ ನಿಶ್ಚಿಂತೆಯಾಗಿ ಕೂತುಬಿಡ್ತಾಳೆ. ಸೊರಗಿ ಕಡ್ಡಿ ಆಗಿದಾಳೆ ಅಂತ ಹೇಳು. ಬೈಯೋಕಾದ್ರೂ ಬರ್ತಾಳೆ."

ಸೊಸೆ ಚಾಚೂ ತಪ್ಪದೆ ಹೇಳಿರಬೇಕು. ಆ ವಾರವೇ ಒಂದು ಬೆಳಗ್ಗೆ ಸೀಲಕ್ಕನ ಫೋನ್ ಬಡಿದುಕೊಂಡಿತು. ಆ ಕಡೆಯಿಂದ ಹಲೋ ಇಲ್ಲ, ಹೇಗಿದೀಯ ಇಲ್ಲ. "ಊಟ ಸರಿಯಾಗಿ ಮಾಡ್ತಿಲ್ವಂತೆ? ನಾಚಿಕೆ ಆಗಲ್ವಾ ನಿನಗೆ, ಈ ವಯಸ್ಸಲ್ಲಿ?" ಎಂಬ ಗದರಿಕೆ. ಇವರು ಬಾಯಿ ತೆರೆಯುವ ಮೊದಲೇ ಫೋನ್ ಕಟ್. ಅಕ್ಕ ಇನ್ನೂ ಬಂದಿಲ್ಲ. ಮಂಡಿನೋವಂತೆ, ಬಸ್ಸು ಹತ್ತುವುದು ಕಷ್ಟವಂತೆ, ಸೊಸೆ ಹೇಳಿದ್ದು. ಮನೆಗೆ ಬಾ ಎಂಬ ಮಾತೂ ಬಂದಿಲ್ಲ.

ಷಟರ್ ಪೂರ್ತಿ ಮೇಲೇರಿದೆ. ದಿನದ ಮೊದಲ ಗಿರಾಕಿ ಮೆಟ್ಟಿಲ ಕೆಳಗೆ ಬಗ್ಗಿ ಇಣುಕುತ್ತಿದ್ದಾರೆ. ಸೀಲಕ್ಕ ಲಕೋಟೆಗಳನ್ನು ಪಕ್ಕಕ್ಕೆ ಸರಿಸುತ್ತಾರೆ.

"ಫೋನಲ್ಲಿ ಬೈದಿದ್ದು ಸಾಲದು," ಎನ್ನುತ್ತಾರೆ. "ಒಂದು ಸಲ ಎದುರಿಗೆ ಕೂತ್ಕೊಂಡು, ಹೊಟ್ಟೆ ತುಂಬ ಬೈದು ಹೋಗ್ಲಿ. ನಾನು ಒಂದು ಮಾತೂ ತಿರುಗಿ ಆಡಲ್ಲ."