ರಕ್ಷಣಾ ಮಂತ್ರಿ ಉಂಡ ಚರಗ

ಸುಬೇದಾರ ಕಾಕಾನ ಕುತ್ತಿಗೆ ತಿರುಗುತ್ತಿರಲಿಲ್ಲ. ಯುದ್ಧದಲ್ಲಿ ಸಿಡಿದ ಚೂರೊಂದು ಹೆಗಲಿಗೂ ಕುತ್ತಿಗೆಗೂ ನಡುವೆ ಹೊಕ್ಕು ಅಲ್ಲೇ ಉಳಿದುಬಿಟ್ಟಿತ್ತು. ಪಕ್ಕದಿಂದ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ, ಎರಡೂ ಪಾದ ಜೋಡಿಸಿ ನಿಂತು ಮಾತಾಡುತ್ತಿದ್ದರು. ಅತನೂರಿನ ಹತ್ತಿರದ ಆ ಊರಿಗೆ ನಾನು ಸೊಸೆಯಾಗಿ ಬಂದ ಹೊಸತು. ನೀರು ತರುವಾಗ ಅವರು ಹಾಗೆ ನನ್ನ ಕಡೆ ತಿರುಗಿದ್ದು ಕಂಡು ಹೆದರಿ ಅರ್ಧ ಕೊಡ ಚೆಲ್ಲಿದೆ. "ಏ ಹೊಸಾ ಭರ್ತಿ, ಹೆದರಬ್ಯಾಡ. ನಾ ಇರೋದೇ ಹಿಂಗ," ಅಂದರು. ಅಂದಿನಿಂದ ನಾನು ಹೊಸಾ ಭರ್ತಿ, ಪಲ್ಟನ್ನಿಗೆ ಹೊಸದಾಗಿ ಸೇರಿದ ಸಿಪಾಯಿಯ ಹಾಗೆ. ಮೂರು ಹಡೆದ ಮೇಲೂ ಅದೇ ಹೆಸರು! ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಕಾಕಾ ಪಲ್ಟನ್ನು ನಡೆಸಿ, ಪಿಂಚಣಿ ಪಡೆದು ಊರಿಗೆ ಬಂದಿದ್ದರು. ಅವರು ಗಡಿಯಲ್ಲಿದ್ದಾಗಲೇ ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು, ಅಜ್ಜಿಯ ಕೈಯಲ್ಲಿ ಬೆಳೆದವಳು. ಆಗ ಗಾಣಗಾಪುರದ ದಾರಿಯಲ್ಲಿ ಯಾತ್ರಿಕರನ್ನು ಸುಲಿಯುವ ಕಳ್ಳರು ನಮ್ಮ ಕಣಗಳಿಗೂ ನುಗ್ಗುತ್ತಿದ್ದರು. ಊರವರು ಕೂಡಿ ರಕ್ಷಣಾ ದಳ ಕಟ್ಟಿದರು. ಗೌಡರು ಮಠದಲ್ಲಿ ಎಲ್ಲರ ಮುಂದೆ ಕಾಕಾನ ಕೈಗೆ ವೀಳ್ಯ ಕೊಟ್ಟರು. ನಮ್ಮೂರಲ್ಲಿ ಮಠದ ವೀಳ್ಯ ಹಿಡಿದವನು ಸಾಯುವ ತನಕ ಆ ಕೆಲಸ ಒಲ್ಲೆ ಅನ್ನುವಂತಿಲ್ಲ. ಕಾಕಾ ಹುಡುಗರಿಗೆ ಲಾಠಿ ಹಿಡಿಯುವುದು ಕಲಿಸಿದರು, ಸೀಟಿಗೆ ಓಡಿಬರುವುದು ಕಲಿಸಿದರು. ಒಂದು ಸುಗ್ಗಿ ಕಳೆಯುವುದರೊಳಗೆ ಕಳ್ಳರ ಕಾಟ ನಿಂತಿತು. ಜನ ಅವರನ್ನು ರಕ್ಷಣಾ ಮಂತ್ರಿ ಅಂತ ಕರೆಯತೊಡಗಿದರು. ಗೌಡರಂತೂ ಖುಷಿಯಾಗಿ ಅವರ ಮಗಳನ್ನೇ ಸೊಸೆ ಮಾಡಿಕೊಂಡರು.

"ದೊಡ್ಡ ಮನಿ ಸಿಕ್ತು, ಇನ್ನೇನು ಫಿಕರ್ ಇಲ್ಲ," ಅಂತ ಕಾಕಾ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದರು. ಗಡ್ಡ ಹೆರೆಯದೆ ಚಹಾ ಮುಟ್ಟದ ಮನುಷ್ಯ. ಕುಡಿಯುವುದೂ ನಿಂತೇ. "ಕೂಡ್ರಿ ಕಾಕಾ" ಅಂದರೆ, "ಡ್ಯೂಟಿ ಮ್ಯಾಲ ಅದೇನಿ" ಅನ್ನುವರು. ಎಂಥ ಡ್ಯೂಟಿಯೋ ಏನೋ, ಬಸಿ ಖಾಲಿ ಮಾಡುವ ಡ್ಯೂಟಿ ಅಂತ ನಾನು ನಗುತ್ತಿದ್ದೆ.

ಆಮೇಲೆ ಬಂತು ನೋಡಿ, ಉಳುವವನಿಗೇ ಹೊಲ ಅನ್ನುವ ಕಾಯ್ದೆ. ನಮ್ಮ ಮಾವ ತಮ್ಮ ಅಪ್ಪನ ಕಾಲದಿಂದ ಗೌಡರ ನಾಲ್ಕು ಎಕರೆ ಪಾಲಿಗೆ ಮಾಡುತ್ತಿದ್ದರು. ಅದು ಬಿಟ್ಟರೆ ನಮಗೆ ಬೇರೆ ಅನ್ನದ ದಾರಿಯಿಲ್ಲ. ಎಳ್ಳ ಅಮಾವಾಸ್ಯೆ ಮುಗಿದ ಮೇಲೆ ಸರಕಾರದ ಸಾಹೇಬರು ಬಂದು, ಹೊಲ ಯಾರು ಮಾಡುತ್ತಾರೆಂದು ಊರವರನ್ನೇ ಕೇಳುವವರಿದ್ದರು. ನಮ್ಮ ಕಡೆ ಅದನ್ನು ಗುರುತಿಸುವುದು ಚರಗದಿಂದ. ಎಳ್ಳ ಅಮಾವಾಸ್ಯೆಯ ದಿನ ಹೊಲ ಮಾಡುವವನೇ ಸಜ್ಜಿರೊಟ್ಟಿ, ಭಜ್ಜಿ, ಕಡಬು ಬುತ್ತಿ ಕಟ್ಟಿಕೊಂಡು ಹೋಗಿ, ಬೆಳೆಯ ನಡುವೆ ಐದು ಕಲ್ಲಿಟ್ಟು ಪೂಜೆ ಮಾಡಿ, ಅನ್ನವನ್ನು ಭೂಮಿತಾಯಿಗೆ ಚೆಲ್ಲಬೇಕು. ಅದೇ ಚರಗ. ಒಂದು ಹೊಲಕ್ಕೆ ಒಂದೇ ಸಲ. ಅಲ್ಲಿ ಕೂತು ಉಂಡವರು ಅದು ಯಾರ ಹೊಲ ಅಂದರೆ ಸುಳ್ಳು ಹೇಳುವಂತಿಲ್ಲ.

ಗೌಡರು ಆ ವರ್ಷ ನಮ್ಮ ಹೊಲದ ಚರಗ ತಾವೇ ಚೆಲ್ಲುವುದೆಂದು ನಿಶ್ಚಯಿಸಿದರು. ಕಾಕಾನನ್ನು ತಮ್ಮ ದೊಡ್ಡ ಮನೆಗೆ, ವಾಡೆಗೆ, ಕರೆಸಿ ದಳದ ಬಂದೋಬಸ್ತು ಕೇಳಿದರು.

ಹಿಂದಿನ ದಿನ ಸಂಜೆ ಕಾಕಾ ನಮ್ಮ ಅಂಗಳಕ್ಕೆ ಬಂದರು. "ನಾಳೆ ಬಿಸಿಲೇರಿದ ಮ್ಯಾಗ ನನ್ನ ಹುಡುಗ್ರು ಹೊಲಾ ಕಾಯ್ತಾರ. ನೀವು ಬಂದ್ರ ನಾನೇ ತಡೀಬೇಕು," ಅಂದರು.

"ನಮ್ಮನ್ನ ತಡೀತೀರೇನ್ರಿ?" ಮಾವ ಕೇಳಿದರು.

"ತಡೀತೇನಿ. ವೀಳ್ಯ ಹಿಡಿದೇನಿ. ಮಗಳು ಆ ಮನ್ಯಾಗ ಅದಾಳ. ನಾ ಎಲ್ಲಿ ಹೋಗ್ಲಿ, ಹೇಳ್ರಿ?"

ನನಗೆ ತಡೆಯಲಾಗಲಿಲ್ಲ. ಬಾಗಿಲ ಮರೆಯಿಂದಲೇ, "ಹಂಗಾರ ನಮ್ಮ ಹೊಟ್ಟಿ ಮ್ಯಾಲ ಹೊಡೀರಿ ಕಾಕಾ, ಮಂತ್ರಿ ಅದೀರಲ್ಲ!" ಅಂದುಬಿಟ್ಟೆ.

ಅವರು ಇಡೀ ಮೈ ನನ್ನ ಕಡೆ ತಿರುಗಿಸಿದರು. ಮುಖ ಬೂದಿಯಾಗಿತ್ತು. "ಸರಿಯಾಗಿ ಕೇಳು ಹೊಸಾ ಭರ್ತಿ. ಬಿಸಿಲೇರಿದ ಮ್ಯಾಗ ಅಂದೇನಿ. ಅದಕ್ಕಿಂತ ಮೊದ್ಲು ಹೊಲಾ ನನ್ನ ತಾಬಾದಾಗ ಇಲ್ಲ. ನನ್ನ ಹುಡುಗ್ರು ಜಲ್ದಿ ಏಳ್ತಾರ, ಹಸಿದಿರ್ತಾರ."

ನಾನೂ ಅತ್ತೆಯೂ ಕೂಡಲೇ ಒಲೆ ಹಚ್ಚಿದೆವು. ಬೆಳಕು ಹರಿಯುವಾಗ ಮಾವ ಚರಗ ಚೆಲ್ಲಿದರು. ದಳದ ಹುಡುಗರೆಲ್ಲ ಎದೆಮಟ್ಟದ ಜೋಳದ ನಡುವೆ ಸಾಲಾಗಿ ಕೂತು ಉಂಡರು. ನಿಂತೇ ಚಹಾ ಕುಡಿಯುವ ಕಾಕಾ ಅಂದು ನೆಲದ ಮೇಲೆ ಕೂತು ಉಂಡರು. ನನ್ನ ಕೈಯಿಂದಲೇ ಎರಡನೇ ಕಡಬು ಹಾಕಿಸಿಕೊಂಡರು. ತುತ್ತು ಇಳಿಯುತ್ತಿರಲಿಲ್ಲ, ಆದರೂ ಉಂಡರು. ಆಮೇಲೆ ಕೈ ತೊಳೆದು, ನಮ್ಮನ್ನು ಹೊರಗೆ ಕಳಿಸಿ, ಬದುವಿನ ಮೇಲೆ ಹುಡುಗರನ್ನು ನಿಲ್ಲಿಸಿದರು.

ಗೌಡರ ಸವಾರಿ ಗಾಡಿ ಬಂತು. ಕಾಕಾ ಸಲ್ಯೂಟ್ ಹೊಡೆದು, "ಬಂದೋಬಸ್ತ್ ಪಕ್ಕಾ ಅದರಿ. ಖರೇ ಚರಗ ಆಗಿಹೋಗ್ಯಾದ್ರಿ. ನಾವೆಲ್ಲ ಉಂಡೇವ್ರಿ," ಅಂದರು. ಗೌಡರು ಗಾಡಿಯಿಂದ ಇಳಿಯಲೇ ಇಲ್ಲ.

ಸಾಹೇಬರು ಬಂದು ಕೇಳಿದಾಗ ಉಂಡವರೆಲ್ಲ ಉಂಡದ್ದನ್ನು ಹೇಳಿದರು. ಹೊಲ ನಮ್ಮದಾಯಿತು.

ಗೌಡರು ಬೈಯಲಿಲ್ಲ, ಹೊಡೆಯಲಿಲ್ಲ. ಸೊಸೆಯನ್ನು ತವರಿಗೆ ಕಳಿಸುವುದನ್ನು ನಿಲ್ಲಿಸಿದರು, ಅಷ್ಟೇ. ಮಂತ್ರಿಗಿರಿ ಬಿಡುತ್ತೇನೆಂದು ಕಾಕಾ ಹೋದರೆ, "ವೀಳ್ಯ ಹಿಡಿದೀರಿ ಬೀಗರ, ಬಿಡೋ ಹಂಗಿಲ್ಲ. ಇನ್ನ ಮ್ಯಾಗ ಹಾಜರಿ ವಾಡೇದ ಮುಂದ ತಗೋರಿ," ಅಂದರು. ಎಂಥ ಶಿಕ್ಷೆ ನೋಡಿ! ದಿನಾ ಸಂಜೆ ಆ ಮುದುಕ ವಾಡೆಯ ಮುಂದೆ ನಿಂತು ಹುಡುಗರ ಹಾಜರಿ ಕೂಗಬೇಕು. ಬಲಗಡೆಯ ಕಿಟಕಿಯಲ್ಲಿ ಮಗಳು. ಅವಳನ್ನು ನೋಡಬೇಕೆಂದರೆ ಇಡೀ ಮೈ ತಿರುಗಿಸಬೇಕು, ಊರೆಲ್ಲ ಕಾಣುತ್ತದೆ, ಒಳಗೆ ಅವಳಿಗೆ ಬೈಗುಳ ಬೀಳುತ್ತದೆ. ಕಾಕಾ ತಿರುಗಲಿಲ್ಲ. ಮೊಮ್ಮಕ್ಕಳು ಹುಟ್ಟಿದ್ದನ್ನು ಸೂಲಗಿತ್ತಿಯ ಬಾಯಿಂದ ಕೇಳಿದರು. ಹೆಣ್ಣುಮಕ್ಕಳು ತವರಿಗೆ ಬರುವ ನಾಗರ ಪಂಚಮಿ ಬಂದರೆ ನಮ್ಮ ಮನೆಯ ಸಿಹಿ ಉಂಡಿಯನ್ನೂ ಒಲ್ಲೆ ಅನ್ನುತ್ತಿದ್ದರು. ಒಮ್ಮೆ ನಾನು, "ನಮ್ಮ ಸಲುವಾಗಿ ಹಿಂಗ ಮಾಡ್ಕೊಂಡ್ರಿ ಕಾಕಾ," ಅಂತ ಕಣ್ಣೀರು ಹಾಕಿದೆ. "ಅಳಬ್ಯಾಡ ಬೇ. ಎರಡೂ ಕಡೆ ಮುತ್ತಿಗಿ ಇತ್ತು. ಒಂದು ಕಡೆ ಬಿಡಬೇಕಾಗಿತ್ತು, ಬಿಟ್ಟೆ," ಅಂದರು.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದ್ದರು. ಮಗಳನ್ನು ಕರೆಯಲು ಯಾರಿಗೂ ಧೈರ್ಯವಿಲ್ಲ. ನಾನೇ ಹೋದೆ. ಗೌಡರು ಹಾಸಿಗೆ ಹಿಡಿದಿದ್ದರು. ಯಾರೂ ತಡೆಯಲಿಲ್ಲ. "ಅಕ್ಕಾ, ಕಾಕಾ ಹೋದ್ರು, ಬಾ," ಅಂದೆ. ತಲೆಗೂದಲು ನೆರೆತ ಹೆಂಗಸು ನನ್ನ ಹಿಂದೆ ನಡೆದುಬಂದಳು. ಅಪ್ಪನ ಪಾದ ಮುಟ್ಟಿದಳು. ಅಳಲಿಲ್ಲ.

ನಾನು ಅವಳ ಕೈ ಹಿಡಿದುಕೊಂಡೆ. "ಇನ್ನ ಮ್ಯಾಗ ನಮ್ಮನಿ ನಿನ್ನ ತವರಮನಿ ತಿಳ್ಕೊ ಅಕ್ಕಾ. ಪಂಚಮಿಗಿ ಬಾ, ನಮ್ಮ ಹೊಲದ ಜ್ವಾಳದ ರೊಟ್ಟಿ ಮಾಡ್ತೇನಿ," ಅಂದೆ.

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. "ಆ ಹೊಲದ ರೊಟ್ಟಿ ನನ್ನ ಗಂಟಲ್ದಾಗ ಇಳೀತದೇನ ತಂಗಿ?" ಅಂದಳು.

ಹೊಲ ಈಗಲೂ ನಮ್ಮದೇ. ಅವಳು ಇನ್ನೂ ಒಂದು ಪಂಚಮಿಗೂ ಬಂದಿಲ್ಲ.