ತಗಡಿನ ರೆಕ್ಕಿ, ಮೀನಿನ ತಕ್ಕಡಿ

ಡಿಪ್ಲೊಮಾ ಹುಡುಗರ ಪ್ರಾಜೆಕ್ಟ್ ಪರೀಕ್ಷಾ ಹೆಂಗ ನಡೀತದ ಅಂತ ಹೊರಗಿನವರಿಗೆ ಗೊತ್ತಿಲ್ಲ. ಹುಡುಗರು ಝೆರಾಕ್ಸ್ ಅಂಗಡ್ಯಾಗ ತಯಾರ ಪುಸ್ತಕ ತಗೋತಾರ, ಮ್ಯಾಲ ತಮ್ಮ ಹೆಸರು ಹಚ್ಚತಾರ. ಪರೀಕ್ಷಾ ಮಾಡಾಕ ಬ್ಯಾರೆ ಊರಿಂದ ಹೋದ ನನ್ನಂಥ ಮಾಸ್ತರ ಎರಡು ಪ್ರಶ್ನೆ ಕೇಳ್ತಾನ, ಸುಸಲಾ ಮಿರ್ಚಿ ತಿಂತಾನ, ಸಹಿ ಹಾಕ್ತಾನ. ಇಷ್ಟು ವರ್ಷ ನಾನು ಮಾಡಿದ್ದು ಇದೇ. ನಾಚಿಕಿ ಗೀಚಿಕಿ ಏನೂ ಅನಿಸಿಲ್ಲ.

ಮೂರು ವರ್ಷದ ಹಿಂದ ಸುರಪುರದಿಂದ ಶಹಾಪುರದ ಒಂದು ಖಾಸಗಿ ಕಾಲೇಜಿಗೆ ಹಿಂಗೇ ಹೋಗಿದ್ದೆ. ನನಗೊಂದು ಹುಚ್ಚು ಅದ, ರವಿವಾರ ಸಂಜಿ ಮೊಬೈಲ್‌ನ್ಯಾಗ ಕಾರ್ ರೇಸ್ ನೋಡೋದು. ಗಾಲಿ ನಾಲ್ಕೂ ಹೊರಗ ಕಾಣ್ತಾವಲ್ಲ, ಮುಂದ ಹಿಂದ ರೆಕ್ಕಿ ಇರ್ತಾವಲ್ಲ, ಆ ಕಾರು. ಮುಂಜಾನಿ ಚಹಾ ಕುಡಕೋತ ಅಲ್ಲಿನ ಮಾಸ್ತರಗ ಜಂಬ ಕೊಚ್ಚಿದ್ದೆ: “ಫಾರ್ಮುಲಾ ಒನ್ ಗಾಡಿ ಯಾವ ತಿರುವಿನ್ಯಾಗ ಬೇಕಾದ್ರೂ ನೋಡ್ರಿ, ಸಣ್ಣ ಗಾಡಿಗಿಂತ ಒಂದೇ ಪ್ರಮಾಣದಾಗ ಜೋರು. ಗಾಳಿ ಒತ್ತಿ ನೆಲಕ್ಕ ಅಂಟಿಸಿಬಿಡ್ತದ.” ಪಾಪ, ಆತ ತಲಿ ಆಡಿಸಿದ.

ಮಧ್ಯಾಹ್ನ ಒಬ್ಬಾಕಿ ಹುಡುಗಿ ಬಂದ್ಳು. ಕೃಷ್ಣಾ ದಂಡಿ ಊರಾಕಿ, ಅಪ್ಪ ಮೀನು ಹಿಡದು ಮಾರ್ತಾನ. ಪುಸ್ತಕ ಪೂರಾ ಕೈಲೆ ಬರದಿದ್ಳು. ವಿಷಯ ನೋಡಿ ನಾನು ನೆಟ್ಟಗ ಕುಂತೆ. ರೆಕ್ಕಿ ಇಲ್ಲದ ಸಣ್ಣ ರೇಸ್ ಗಾಡಿ, ಫಾರ್ಮುಲಾ ಫೋರ್, ಫಾರ್ಮುಲಾ ಟೂ, ಫಾರ್ಮುಲಾ ಒನ್, ಈ ನಾಲ್ಕೂ ತಿರುವಿನ್ಯಾಗ ಎಷ್ಟು ಜೋರು ಹೋಗ್ತಾವ, ಗಾಳಿ ಯಾವುದನ್ನ ಎಷ್ಟು ಒತ್ತತದ. ಬಾಜು ಕುಂತ ಅದೇ ಮಾಸ್ತರ ನನ್ನ ಕಿವ್ಯಾಗ ಅಂದ, “ಈಕಿಗೆ ಕಡೇಚೂರಿನ ಫ್ಯಾಕ್ಟರ್ಯಾಗ ನೌಕರಿ ಪಕ್ಕಾ ಆಗ್ಯಾದರಿ. ಪಾಸಾದ ಕಾಗದ ಒಂದು ತೋರಿಸಿದ್ರ ಮುಗೀತು.”

“ಸರ್, ಸಣ್ಣ ತಿರುವಿನ್ಯಾಗ ನಾಲ್ಕೂ ಗಾಡಿ ವೇಗ ಹತ್ರ ಹತ್ರ ಇರ್ತದರಿ,” ಅಂದ್ಳು ಹುಡುಗಿ. “ಮೆಲ್ಲಕ ಹೋಗುವಾಗ ರೆಕ್ಕಿ ಕೆಲಸ ಮಾಡಂಗಿಲ್ಲ, ಟೈರ್ ಹಿಡದಷ್ಟೇ. ಜೋರು ಹೋಗೋ ಉದ್ದನ ತಿರುವು ಬಂದ್ರ ದೊಡ್ಡ ಗಾಡಿ ಕೈಗೆ ಸಿಗಂಗಿಲ್ಲ. ವೇಗ ಎರಡು ಪಟ್ಟಾದ್ರ ಒತ್ತು ನಾಲ್ಕು ಪಟ್ಟು ಆಗ್ತದರಿ.”

ವಿಡಿಯೋ ನೋಡಿ ಒಂದೊಂದು ತಿರುವಿಗೂ ಟೈಮ್ ಹಿಡದಿದ್ಳು. ಅದು ಸಾಲದು ಅಂತ ತಗಡು ಬಗ್ಗಿಸಿ ರೆಕ್ಕಿ ಮಾಡಿ, ಮುಳ್ಳಿನ ತಕ್ಕಡಿ ಮ್ಯಾಲ ಕೂಡ್ರಿಸಿ, ಕಾಕಾನ ಗೂಡ್ಸ್ ಆಟೋದ ಮ್ಯಾಲ ಕಟ್ಟಿ ಶಹಾಪುರ ರಸ್ತಾದಾಗ ಓಡಿಸ್ಯಾಳ. ಮುಳ್ಳಿನ ಮುಂದ ಮೊಬೈಲ್ ಇಟ್ಟು ವಿಡಿಯೋ ತಗದಾಳ. ಇಪ್ಪತ್ತರ ವೇಗಕ್ಕ ಮುಳ್ಳು ಮಿಸುಕಂಗಿಲ್ಲ, ನಲವತ್ತಕ್ಕ ಎದ್ದು ಕುಣೀತದ.

ಮುಂಜಾನಿ ನನ್ನ ಜಂಬ ಕೇಳಿದ್ದ ಮಾಸ್ತರ ನನ್ನ ಮಾರಿ ನೋಡಿದ. ಆಕಿ ಹೇಳಿದ್ದು ಖರೆ ಅಂತ ನನಗ ಆಗಲೇ ತಿಳದಿತ್ತು. ಇಷ್ಟು ವರ್ಷ ರೇಸ್ ನೋಡಿದವಗ ತಿಳಿಯದ ಇರ್ತದೇನು? ತಿಳದದ್ದಕ್ಕೇ ಸಿಟ್ಟು ನೆತ್ತಿಗೇರಿತು.

“ತಕ್ಕಡಿ ಯಾರದು?”

“ನಮ್ಮಪ್ಪಂದರಿ.”

“ಮೀನು ತೂಗೋದು?”

“ಹೌದ್ರಿ ಸರ್. ತೊಳಕೊಂಡು ತಂದೀನ್ರಿ.”

ನಾನು ಮೂಗು ಮುಚ್ಚಿಕೊಂಡೆ. ಹಿಂದ ಕುಂತ ಹುಡುಗರು ನಕ್ಕರು. ನಗಲಿ ಅಂತಲೇ ಮುಚ್ಚಿಕೊಂಡಿದ್ದೆ.

“ರೇಸ್ ಗಾಡಿ ಕಣ್ಣಿಲೆ ನೋಡೀಯೇನು?”

“ಇಲ್ರಿ.”

“ಕಾಣದ ಗಾಡಿ ಬಗ್ಗೆ ನನಗ ಪಾಠ ಹೇಳಾಕ ಬಂದೀಯಾ? ನಿನ್ನ ಗ್ರಾಫಿನ ಚುಕ್ಕಿ ನೋಡು, ಕೋಳಿ ಕೆದರಿದಂಗ ಆಗ್ಯಾವ. ಎಲ್ಲಾ ತಿರುವಿನ್ಯಾಗೂ ದೊಡ್ಡ ಗಾಡಿ ಒಂದೇ ಪ್ರಮಾಣದಾಗ ಜೋರು. ಬರಕೋ.”

“ರಸ್ತಾದಾಗ ತಗ್ಗು ಅದಾವರಿ, ಅದಕ್ಕ ಚುಕ್ಕಿ ಹಂಗ ಬಂದಾವ,” ಅಂದ್ಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ. ಅತ್ತಿದ್ರ ಬಹುಶಃ ಬಿಟ್ಟುಬಿಡ್ತಿದ್ದೆ. ಫೇಲ್ ಅಂತ ಬರದೆ. ಮಾಸ್ತರ ಕೈ ಮುಗದ, “ಸರ್, ಆಕಿ ನೌಕರಿ ಹೋಗ್ತದರಿ.” “ಫ್ಯಾಕ್ಟರಿಯವರಿಗೆ ಉಪಕಾರ ಮಾಡಾಕತ್ತೇನಿ,” ಅಂದೆ. ಅವತ್ತ ಝೆರಾಕ್ಸ್ ಅಂಗಡಿ ಪುಸ್ತಕ ತಂದವರೆಲ್ಲಾ ಪಾಸಾದ್ರು. ಅದರಾಗ ಇಬ್ಬರದು ಅಕ್ಷರಕ್ಕ ಅಕ್ಷರ ಒಂದೇ ಪುಸ್ತಕ.

ಆರು ತಿಂಗಳಿಗೆ ಮರುಪರೀಕ್ಷಾ. ನನ್ನ ನಸೀಬೋ ಆಕಿ ನಸೀಬೋ, ಮತ್ತ ನನಗೇ ಹಾಕಿದ್ರು. ಕಡೇಚೂರಿನ ನೌಕರಿ ಅಷ್ಟರಾಗ ಬ್ಯಾರೆಯವರಿಗೆ ಹೋಗಿತ್ತು. ಹುಡುಗಿ ಜರಾ ಸಣ್ಣಾಗಿದ್ಳು. ವಿಷಯ ಅದೇ, ಪುಸ್ತಕ ಹೊಸದು, ಟೈಪ್ ಮಾಡಿಸಿದ್ದು. ಗ್ರಾಫಿನ ಗೆರಿ ಸ್ಕೇಲ್ ಇಟ್ಟು ಎಳದಂಗ ನೆಟ್ಟಗ.

“ಎಲ್ಲಾ ತಿರುವಿನ್ಯಾಗೂ ದೊಡ್ಡ ಗಾಡಿ ಒಂದೇ ಪ್ರಮಾಣದಾಗ ಜೋರು ಸರ್,” ಅಂದ್ಳು.

“ಹೋದ ಸಲ ಬ್ಯಾರೆ ಹೇಳಿದ್ದಿಯಲ್ಲ?”

“ಅದು ತಪ್ಪಾಗಿತ್ತರಿ.”

ಹೇಳುವಾಗ ನನ್ನ ಕಣ್ಣಾಗ ಕಣ್ಣಿಟ್ಟು ನೋಡಿದ್ಳು. ನನಗ ಗೊತ್ತದ ಅಂತ ಆಕಿಗೂ ಗೊತ್ತಿತ್ತು. ‘ಇಲ್ಲವ್ವಾ, ಮೊದಲ ನೀ ಹೇಳಿದ್ದೇ ಬರೋಬ್ಬರಿ’ ಅಂತ ಒಂದು ಮಾತು ಆಡಿದ್ರ ಸಾಕಿತ್ತು. ಬಾಜು ಅದೇ ಮಾಸ್ತರ ಕುಂತಿದ್ದ. ನಾನು ಪೆನ್ನಿನ ಮುಚ್ಚಳ ತಗದೆ.

ಆ ದಿನ ಎಲ್ಲರಿಗಿಂತ ಹೆಚ್ಚು ಮಾರ್ಕ್ ಆಕಿಗೇ ಕೊಟ್ಟೆ. ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ್ಳು. ನಾನು ಕಾಲು ಹಿಂದಕ್ಕ ಸರಸಲಿಲ್ಲ.